ಥಾಮಸ್ ಗ್ರಹಾಂ: ಡಯಾಲಿಸಿಸ್‌ಗೆ ಹೆಸರಿಟ್ಟವನ ಕತೆ

ಗ್ರಹಾಂನ ನಿಯಮ ಯಾರಿಗೆ ಗೊತ್ತಿಲ್ಲ ಹೇಳಿ? ಪಿಯುಸಿ ಕೆಮಿಸ್ಟ್ರಿಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೇ. ಅನಿಲ ಹರಡುವ ವೇಗ ಅದರ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. ಹೈಡ್ರೋಜನ್ ಆಕ್ಸಿಜನ್‌ಗಿಂತ ನಾಲ್ಕು ಪಟ್ಟು ಬೇಗ ಹರಡುತ್ತೆ ಅಂತ ಓಎಂಆರ್ ಶೀಟಿನಲ್ಲಿ ಗುಂಡಗೆ ಕಪ್ಪು ಮಾಡಿ ಸಿಇಟಿ ಮುಗಿಸಿ ಬಂದವರು ನಾವು. ಆ ಗ್ರಹಾಂ ಯಾರು, ಎಲ್ಲಿಯವನು, ಆಮೇಲೆ ಏನು ಮಾಡಿದ ಅಂತ ಯೋಚಿಸಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಕಳೆದ ಸೆಮಿಸ್ಟರ್‌ನಲ್ಲಿ ಆ ಹೆಸರು ನಮ್ಮ ಹಾಸ್ಟೆಲ್ ರೂಮಿಗೇ ಬಂತು. ಗೆಳೆಯನೊಬ್ಬನ ತಂದೆಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ದಿನ ಡಯಾಲಿಸಿಸ್. ಶುರು ಮಾಡುವಾಗ ಎಲ್ಲ ಪರೀಕ್ಷೆಯೂ ನೆಗೆಟಿವ್ ಇತ್ತು. ಒಂದೂವರೆ ವರ್ಷದ ಮೇಲೆ ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ಪಾಸಿಟಿವ್ ಅಂತ ಬಂತು. ಅವನು ನಮ್ಮ ಮಂಚದ ಮೇಲೆ ಕೂತು ಕೇಳಿದ್ದು ಒಂದೇ ಪ್ರಶ್ನೆ. ಆ ಫಿಲ್ಟರ್ ಒಳಗಿಂದ ವೈರಸ್ ತೂರಿಕೊಂಡು ಬಂತಾ ಅಂತ. ನಮ್ಮಲ್ಲಿ ಕೆಮಿಕಲ್‌ನವರಿದ್ದರು, ಮೆಡಿಕಲ್ ಎಲೆಕ್ಟ್ರಾನಿಕ್ಸ್‌ನವರೂ ಇದ್ದರು. ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಉತ್ತರ ಹುಡುಕುತ್ತಾ ಹೋದಾಗ ದಾರಿ ಸುತ್ತಿ ಬಳಸಿ ಈ ಥಾಮಸ್ ಗ್ರಹಾಂನ ಮನೆಬಾಗಿಲಿಗೇ ಬಂದು ನಿಂತೆವು. ಡಯಾಲಿಸಿಸ್ ಅನ್ನುವ ಪದವನ್ನು ರಸಾಯನಶಾಸ್ತ್ರಕ್ಕೆ ತಂದವನು ಆತನೇ. ಹಾಗಾಗಿ ಮೊದಲು ಆತನ ಕತೆ ಹೇಳ್ತೀವಿ, ಆಮೇಲೆ ಗೆಳೆಯನ ಪ್ರಶ್ನೆಗೆ ಬರ್ತೀವಿ.

ಅಪ್ಪನ ಆಸೆ, ಮಗನ ಹಟ

ಗ್ರಹಾಂ ಹುಟ್ಟಿದ್ದು 1805ರ ಡಿಸೆಂಬರ್‌ನಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನಲ್ಲಿ. ತಂದೆ ಬಟ್ಟೆ ತಯಾರಿಕೆಯಲ್ಲಿ ಚೆನ್ನಾಗಿ ದುಡಿದವರು. ಮಗ ಓದಿ ಪಾದ್ರಿಯಾಗಬೇಕು, ಚರ್ಚಿನ ವೇದಿಕೆ ಹತ್ತಬೇಕು ಅನ್ನುವುದು ಅವರ ಆಸೆ. 1819ರಲ್ಲಿ, ಅಂದರೆ ನಮ್ಮಲ್ಲಿ ಎಂಟನೇ ಕ್ಲಾಸಿನ ವಯಸ್ಸಿಗೆ, ಹುಡುಗ ಗ್ಲಾಸ್ಗೋ ವಿಶ್ವವಿದ್ಯಾಲಯ ಸೇರಿದ. ಅಲ್ಲಿ ಥಾಮಸ್ ಥಾಮ್ಸನ್ ಅನ್ನುವ ಮೇಷ್ಟ್ರ ರಸಾಯನಶಾಸ್ತ್ರದ ಪಾಠ ಕೇಳಿದ್ದೇ ಕೇಳಿದ್ದು, ಪಾದ್ರಿ ಆಗುವ ಮಾತು ಅಲ್ಲಿಗೇ ನಿಂತಿತು.

ಮನೆಯಲ್ಲಿ ದೊಡ್ಡ ಜಗಳ. ಅಪ್ಪ ದುಡ್ಡು ಕೊಡುವುದನ್ನು ನಿಲ್ಲಿಸಿದರು. ನಮ್ಮಲ್ಲೂ ಇಂಥ ಮನೆಗಳು ಬೇಕಾದಷ್ಟಿವೆ, ಹೆಚ್ಚು ವಿವರಿಸಬೇಕಿಲ್ಲ. ಅಮ್ಮ ಮತ್ತು ತಂಗಿ ಮಾತ್ರ ಹುಡುಗನ ಪರ ನಿಂತರು. ಎಡಿನ್‌ಬರೋಗೆ ಹೋಗಿ ಓದು ಮುಂದುವರಿಸಿದಾಗಲೂ ಅವರ ಬೆಂಬಲವೇ ಆಸರೆ. ಬರವಣಿಗೆಯಿಂದ ಮೊದಲ ಸಂಪಾದನೆ ಕೈಗೆ ಬಂದಾಗ ಗ್ರಹಾಂ ಅದನ್ನು ಅಮ್ಮನಿಗೂ ತಂಗಿಗೂ ಉಡುಗೊರೆ ಕೊಳ್ಳಲು ಖರ್ಚು ಮಾಡಿದ.

ಈ ಎಡಿನ್‌ಬರೋ ಊರಿನ ಹೆಸರು ನೆನಪಿಟ್ಟುಕೊಳ್ಳಿ. ಗ್ರಹಾಂ ಸತ್ತು ನೂರು ವರ್ಷ ಆದಮೇಲೆ ಈ ಕತೆ ಮತ್ತೆ ಅಲ್ಲಿಗೇ ಹೋಗುತ್ತದೆ.

ಓದು ಮುಗಿಸಿ ಗ್ಲಾಸ್ಗೋಗೆ ಬಂದವನು ಮೊದಲು ಟ್ಯೂಷನ್ ಹೇಳಿಕೊಂಡು ಬದುಕಿದ. 1830ರಲ್ಲಿ ಆ್ಯಂಡರ್ಸನ್ ಸಂಸ್ಥೆಯಲ್ಲಿ ಪ್ರಾಧ್ಯಾಪಕನಾದ. ದುಡಿಯುವ ಜನರಿಗೂ ವಿಜ್ಞಾನ ಕಲಿಸಬೇಕು ಅಂತ ಹುಟ್ಟಿದ ಸಂಸ್ಥೆ ಅದು. ಇವತ್ತಿನ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯ ಬೆಳೆದದ್ದು ಅದರಿಂದಲೇ. ಮುಂದೆ ಆಫ್ರಿಕಾ ಸುತ್ತಿ ಹೆಸರಾದ ಡೇವಿಡ್ ಲಿವಿಂಗ್‌ಸ್ಟನ್ ಅಲ್ಲಿ ಗ್ರಹಾಂನ ಪಾಠ ಕೇಳಿದ್ದ. ಕಲ್ಲಿದ್ದಲಿನಿಂದ ಪ್ಯಾರಫಿನ್ ಎಣ್ಣೆ ತೆಗೆದು ದೊಡ್ಡ ಉದ್ಯಮಿಯಾದ ಜೇಮ್ಸ್ ಯಂಗ್ ಅಲ್ಲಿ ಗ್ರಹಾಂನ ಸಹಾಯಕನಾಗಿದ್ದ. ಹಾಗಂತ ಗ್ರಹಾಂ ಮಾತಿನ ಮಲ್ಲನೇನೂ ಅಲ್ಲ. ಸಂಕೋಚದ ಮನುಷ್ಯ. ಕ್ಲಾಸಿನಲ್ಲಿ ತಡವರಿಸುತ್ತಿದ್ದ, ಲ್ಯಾಬಿನಲ್ಲಿ ತಡವರಿಸುತ್ತಿರಲಿಲ್ಲ.

ಬಿರುಕು ಬಿಟ್ಟ ಜಾಡಿ

ನಿಯಮ ಹುಟ್ಟಿದ್ದು ಒಂದು ಸೋರುವ ಪಾತ್ರೆಯಿಂದ. ಜರ್ಮನಿಯ ಡೋಬರೈನರ್ ಅನ್ನುವ ವಿಜ್ಞಾನಿ ನೀರಿನ ಮೇಲೆ ಕವುಚಿದ ಗಾಜಿನ ಜಾಡಿಯಲ್ಲಿ ಹೈಡ್ರೋಜನ್ ತುಂಬಿಟ್ಟಿದ್ದ. ಜಾಡಿಯಲ್ಲಿ ಕೂದಲೆಳೆಯಷ್ಟು ಬಿರುಕು. ಹೈಡ್ರೋಜನ್ ಹೊರಗೆ ಹೋಗುತ್ತಾ ಒಳಗಿನ ನೀರು ಮೇಲೇರಿತು. ಬೇರೆಯವರಾಗಿದ್ದರೆ ಜಾಡಿ ಎಸೆದು ಹೊಸದು ತರುತ್ತಿದ್ದರು. ಈ ವಿಷಯ ತಿಳಿದ ಗ್ರಹಾಂ ಬಿರುಕನ್ನೇ ಹಿಡಿದು ಕೂತ. ಹೈಡ್ರೋಜನ್ ಹೊರಗೆ ಹೋಗಿದ್ದು ಸರಿ, ಹೊರಗಿನ ಗಾಳಿ ಒಳಗೆ ಬಂದಿಲ್ಲವೇ? ಬಂದಿದ್ದರೆ ಎಷ್ಟು?

ಗಾಜಿನ ಕೊಳವೆಯ ಒಂದು ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿದ. ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಒಳಗೆ ಒಂದು ಅನಿಲ, ಹೊರಗೆ ಗಾಳಿ. ಎಷ್ಟು ಹೋಯಿತು, ಎಷ್ಟು ಬಂತು ಅಂತ ಒಂದೊಂದೇ ಅನಿಲಕ್ಕೆ ಅಳೆದ. ಹಗುರವಾದದ್ದು ಬೇಗ, ಭಾರವಾದದ್ದು ನಿಧಾನ, ಎರಡರ ನಡುವೆ ವರ್ಗಮೂಲದ ಲೆಕ್ಕ. 1831ರಲ್ಲಿ ಮಂಡಿಸಿ 1833ರಲ್ಲಿ ಪ್ರಕಟಿಸಿದ. ಅದೇ ವರ್ಷ ಫಾಸ್ಫಾರಿಕ್ ಆಮ್ಲಗಳ ಮೇಲೆ ಇನ್ನೊಂದು ದೊಡ್ಡ ಕೆಲಸವನ್ನೂ ಹೊರತಂದ. ಆಗ ಇನ್ನೂ ಮೂವತ್ತು ತುಂಬಿರಲಿಲ್ಲ.

ಗ್ರಹಾಂನ ಇಡೀ ಬದುಕನ್ನು ನೋಡಿದರೆ ಈ ಬಿರುಕಿನ ಪ್ರಶ್ನೆಯೇ ಕೊನೆಯವರೆಗೂ ನಡೆದಿದೆ ಅನಿಸುತ್ತೆ. ಗೋಡೆ ಇದೆ. ಯಾವುದು ದಾಟುತ್ತೆ, ಯಾವುದು ದಾಟಲ್ಲ, ಎಷ್ಟು ಹೊತ್ತಿನಲ್ಲಿ?

ಉಪ್ಪು ಓಡುತ್ತೆ, ಗೋಂದು ನಿಲ್ಲುತ್ತೆ

1837ರಲ್ಲಿ ಗ್ರಹಾಂ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಪ್ರಾಧ್ಯಾಪಕನಾಗಿ ಹೋದ. 1841ರಲ್ಲಿ ಲಂಡನ್ ಕೆಮಿಕಲ್ ಸೊಸೈಟಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷ. ಪಠ್ಯಪುಸ್ತಕ ಬರೆದ. ಅನಿಲ ಬಿಟ್ಟು ದ್ರವಕ್ಕೆ ಇಳಿದ.

ಆತನ ಪ್ರಯೋಗ ಎಷ್ಟು ಸರಳ ಅಂದರೆ ನಮ್ಮ ಫಸ್ಟ್ ಇಯರ್ ಲ್ಯಾಬಿನಲ್ಲೂ ಮಾಡಬಹುದು. ಜಾಡಿಯಲ್ಲಿ ನೀರು. ಅದರ ತಳಕ್ಕೆ ಪಿಪೆಟ್‌ನಿಂದ ಉಪ್ಪಿನ ದ್ರಾವಣವನ್ನು ಅಲುಗದ ಹಾಗೆ ಬಿಡಬೇಕು. ಆಮೇಲೆ ಯಾರೂ ಮುಟ್ಟಬಾರದು. ದಿನಗಟ್ಟಲೆ ಕಾದು, ಮೇಲಿನಿಂದ ಪದರ ಪದರವಾಗಿ ತೆಗೆದು, ಯಾವ ಎತ್ತರಕ್ಕೆ ಎಷ್ಟು ಉಪ್ಪು ಏರಿದೆ ಅಂತ ಅಳೆಯಬೇಕು. ಕಷ್ಟದ ಭಾಗ ಕಾಯುವುದು. ಉಪ್ಪು, ಸಕ್ಕರೆ, ಗೋಂದು, ಮೊಟ್ಟೆಯ ಬಿಳಿ ಹೀಗೆ ಒಂದೊಂದಕ್ಕೂ ಅಳೆದ. ನಾವು ಟ್ರಾನ್ಸ್‌ಪೋರ್ಟ್ ಫಿನಾಮಿನಾದಲ್ಲಿ ಓದುವ ಫಿಕ್‌ನ ನಿಯಮ ಇದೆಯಲ್ಲ, 1855ರಲ್ಲಿ ಫಿಕ್ ಅದನ್ನು ರೂಪಿಸಿದಾಗ ಎದುರಿಗಿದ್ದದ್ದು ಗ್ರಹಾಂನ ಈ ಕೆಲಸವೇ.

ಅದೇ 1855ರಲ್ಲಿ ಗ್ರಹಾಂನನ್ನು ಬ್ರಿಟನ್ನಿನ ಟಂಕಸಾಲೆಗೆ ಮುಖ್ಯಸ್ಥನನ್ನಾಗಿ ಮಾಡಿದರು. ಹಿಂದೊಮ್ಮೆ ನ್ಯೂಟನ್ ಕೂತಿದ್ದ ಕುರ್ಚಿ ಅದು. ಗೌರವಕ್ಕೆ ಕೊಟ್ಟ ಹುದ್ದೆ ಅಂತ ಸುಮ್ಮನೆ ಕೂರಲಿಲ್ಲ, ಆಡಳಿತವನ್ನು ಗಂಭೀರವಾಗಿ ನಡೆಸಿದ. ತಾಮ್ರದ ಚಿಲ್ಲರೆ ನಾಣ್ಯ ಹೋಗಿ ಕಂಚಿನ ನಾಣ್ಯ ಬಂದದ್ದು ಆತನ ಕಾಲದಲ್ಲಿ, 1860ರಲ್ಲಿ. ಮೆಕ್ಯಾನಿಕಲ್‌ನವರಿಗೊಂದು ವಿಷಯ: ಟಂಕಸಾಲೆಯಲ್ಲಿ ಗ್ರಹಾಂ 1865ರಲ್ಲಿ ಸಹಾಯಕನಾಗಿ ಸೇರಿಸಿಕೊಂಡ ಹುಡುಗನೇ ಮುಂದೆ ರಾಬರ್ಟ್ಸ್-ಆಸ್ಟೆನ್ ಅಂತ ಹೆಸರಾದವನು. ಮೆಟೀರಿಯಲ್ ಸೈನ್ಸ್‌ನಲ್ಲಿ ನಿಮ್ಮ ತಲೆ ತಿನ್ನುವ ಆಸ್ಟೆನೈಟ್‌ಗೆ ಹೆಸರು ಬಂದದ್ದು ಅವನಿಂದ.

ಟಂಕಸಾಲೆಯ ಕೆಲಸದ ನಡುವೆಯೇ 1861ರಲ್ಲಿ ಗ್ರಹಾಂ ತನ್ನ ದ್ರವದ ಕೆಲಸವನ್ನು ಒಂದು ಪ್ರಬಂಧವಾಗಿ ಪ್ರಕಟಿಸಿದ. ಅದರಲ್ಲಿ ಜಗತ್ತಿನ ಪದಾರ್ಥಗಳನ್ನು ಎರಡು ಗುಂಪು ಮಾಡಿದ. ಉಪ್ಪು, ಸಕ್ಕರೆ, ಯೂರಿಯಾದಂಥವು ನೀರಿನಲ್ಲಿ ಬೇಗ ಓಡುತ್ತವೆ. ಇವು ಸಾಮಾನ್ಯವಾಗಿ ಹರಳುಗಟ್ಟುವಂಥವು, ಕ್ರಿಸ್ಟಲಾಯ್ಡ್. ಗೋಂದು, ಪಿಷ್ಟ, ಮೊಟ್ಟೆಯ ಬಿಳಿಯಂಥವು ಎದ್ದು ಹೋಗಲು ಸೋಮಾರಿಗಳು. ಗ್ರೀಕ್ ಭಾಷೆಯ ಅಂಟು ಅನ್ನುವ ಪದದಿಂದ ಇವಕ್ಕೆ ಕೊಲಾಯ್ಡ್ ಅಂತ ಹೆಸರಿಟ್ಟ. ಮಾಲಿಕ್ಯೂಲ್ ಗಾತ್ರದ ಲೆಕ್ಕ ಇನ್ನೂ ಸರಿಯಾಗಿ ಇಲ್ಲದ ಕಾಲ ಅದು. ಆತ ಅಳೆದದ್ದು ವೇಗವನ್ನು ಮಾತ್ರ. ಆದರೂ ಚಿಕ್ಕದು ದೊಡ್ಡದು ಬೇರೆಯಾದವು.

ಬೇರೆ ಮಾಡಲು ಒಂದು ಸಾಧನ ಬೇಕಿತ್ತು. ಅದು ಅಡುಗೆಮನೆಯ ಜರಡಿಯ ಹಾಗೇ ಇತ್ತು. ಗಟ್ಟಪರ್ಚ ಅನ್ನುವ, ರಬ್ಬರಿನಂಥ ವಸ್ತುವಿನ ಬಳೆ. ಅದರ ತಳಕ್ಕೆ ಗಂಧಕಾಮ್ಲದಲ್ಲಿ ಹದಮಾಡಿದ ಪಾರ್ಚ್‌ಮೆಂಟ್ ಕಾಗದವನ್ನು ಬಿಗಿಯಾಗಿ ಎಳೆದು ಕಟ್ಟಿದ್ದು. ಕಂಜರದ ಚರ್ಮ ಬಿಗಿದ ಹಾಗೆ ಅನ್ನಿ. ಅದರಲ್ಲಿ ಮಿಶ್ರಣ ಸುರಿದು ದೊಡ್ಡ ಪಾತ್ರೆಯ ನೀರಿನ ಮೇಲೆ ತೇಲಿಬಿಟ್ಟರೆ ಮುಗಿಯಿತು. ಚಿಕ್ಕ ಕಣಗಳು ಕಾಗದ ದಾಟಿ ಕೆಳಗಿನ ನೀರಿಗೆ ಹೋಗುತ್ತವೆ, ದೊಡ್ಡವು ಮೇಲೇ ಉಳಿಯುತ್ತವೆ. ಈ ಕ್ರಿಯೆಗೆ ಆತ ಕೊಟ್ಟ ಹೆಸರು ಡಯಾಲಿಸಿಸ್.

ಏನೇನು ಹಾಕಿ ನೋಡಿದ ಅಂದರೆ ಮೂತ್ರವನ್ನೂ ಬಿಡಲಿಲ್ಲ. ಅದರಲ್ಲಿದ್ದ ಯೂರಿಯಾ ಕಾಗದ ದಾಟಿ ಆಚೆಯ ನೀರಿಗೆ ಬಂತು. ಆ ನೀರನ್ನು ಆವಿಯಾಗಿಸಿ ಯೂರಿಯಾ ತೆಗೆದ. ವಿಷಪ್ರಾಶನದ ಕೇಸುಗಳಲ್ಲಿ ರಕ್ತ ಹಾಲು ಮುಂತಾದ ಗಟ್ಟಿ ದ್ರವಗಳಿಂದ ಆರ್ಸೆನಿಕ್ ಬೇರೆಮಾಡಲು ಈ ವಿಧಾನ ಬಳಸಬಹುದು ಅಂತಲೂ ತೋರಿಸಿದ. ಜೀವಂತ ಮನುಷ್ಯನ ರಕ್ತವನ್ನೇ ಹೀಗೆ ಸೋಸಬಹುದು ಅನ್ನುವುದು ಮಾತ್ರ ಇನ್ನೂ ದೂರದ ಮಾತು.

1862ರಲ್ಲಿ ರಾಯಲ್ ಸೊಸೈಟಿ ತನ್ನ ಕಾಪ್ಲಿ ಪದಕ ಕೊಟ್ಟಿತು. ಕೊನೆಯ ವರ್ಷಗಳಲ್ಲಿ ಲೋಹದ ಗೋಡೆಗಳನ್ನು ಹಿಡಿದ. ಪಲೇಡಿಯಂ ಲೋಹ ತನ್ನ ಗಾತ್ರದ ನೂರಾರು ಪಟ್ಟು ಹೈಡ್ರೋಜನ್ ಹೀರಿಕೊಳ್ಳುತ್ತೆ ಅಂತ ತೋರಿಸಿದ. ಮದುವೆಯಾಗಲಿಲ್ಲ. ಆರೋಗ್ಯ ಗಟ್ಟಿ ಇರಲಿಲ್ಲ. 1869ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡ. ಆಮೇಲೆ ಆ ಟಂಕಸಾಲೆಯ ಹುದ್ದೆಗೆ ಬೇರೆ ವಿಜ್ಞಾನಿಯನ್ನು ತರಲಿಲ್ಲ, ಅದನ್ನು ಹಣಕಾಸು ಮಂತ್ರಿಯ ಹುದ್ದೆಗೇ ಸೇರಿಸಿಬಿಟ್ಟರು. ಗ್ಲಾಸ್ಗೋದ ಜಾರ್ಜ್ ಸ್ಕ್ವೇರ್‌ಗೆ ಗ್ರಹಾಂನ ಪ್ರತಿಮೆ ಮಾಡಿಸಿಕೊಟ್ಟದ್ದು ಹಳೆಯ ಸಹಾಯಕ ಜೇಮ್ಸ್ ಯಂಗ್.

ಜರಡಿ ಆಸ್ಪತ್ರೆಗೆ ಬಂತು

ಗ್ರಹಾಂನ ಬದುಕು ಮುಗಿದರೂ ಆ ಬಳೆಯ ಕತೆ ಮುಗಿಯಲಿಲ್ಲ. 1913ರಲ್ಲಿ ಅಮೆರಿಕದಲ್ಲಿ ಜಾನ್ ಏಬಲ್ ಮತ್ತು ಸಂಗಡಿಗರು ಪ್ರಾಣಿಗಳ ರಕ್ತವನ್ನು ಕೊಲೋಡಿಯನ್ ಕೊಳವೆಗಳಲ್ಲಿ ಹರಿಸಿ ಸೋಸಿದರು. 1924ರಲ್ಲಿ ಜರ್ಮನಿಯ ಗೀಸೆನ್‌ನಲ್ಲಿ ಗಿಯೋರ್ಗ್ ಹಾಸ್ ಮೊದಲ ಬಾರಿಗೆ ಮನುಷ್ಯನ ಮೇಲೆ ಮಾಡಿದ. 1943ರಲ್ಲಿ, ನಾಜಿಗಳ ಹಿಡಿತದಲ್ಲಿದ್ದ ನೆದರ್‌ಲ್ಯಾಂಡ್ಸ್‌ನ ಕಾಂಪೆನ್ ಊರಿನಲ್ಲಿ ವಿಲೆಮ್ ಕೋಲ್ಫ್ ಅನ್ನುವ ಯುವ ವೈದ್ಯ ಮರದ ಪಟ್ಟಿಗಳ ಡ್ರಮ್ಮಿಗೆ, ಸಾಸೇಜ್ ತುಂಬಲು ಬಳಸುವ ಸೆಲೋಫೇನ್ ಕೊಳವೆ ಸುತ್ತಿ ಯಂತ್ರ ಮಾಡಿದ. ಆತನ ಮೊದಲ ರೋಗಿಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ತೀರಿಕೊಂಡರು. 1945ರಲ್ಲಿ ಒಬ್ಬ ವೃದ್ಧೆ ಬದುಕಿದರು. 1960ರಲ್ಲಿ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಟೆಫ್ಲಾನ್ ಕೊಳವೆಯನ್ನು ಕೈಯಲ್ಲೇ ಉಳಿಸಿ, ಒಬ್ಬನೇ ರೋಗಿಗೆ ಮತ್ತೆ ಮತ್ತೆ, ವರ್ಷಗಟ್ಟಲೆ ಡಯಾಲಿಸಿಸ್ ಮಾಡಬಹುದು ಅಂತ ತೋರಿಸಿದ.

ಮತ್ತೆ ಮತ್ತೆ ಅನ್ನುವಲ್ಲೇ ಹೊಸ ಅಪಾಯ ಬಂದು ಕೂತದ್ದು. ಇವತ್ತಿನ ಲೆಕ್ಕ ಹಾಕಿ. ನಿಮಿಷಕ್ಕೆ 300 ಮಿಲಿಲೀಟರ್ ರಕ್ತ, ನಾಲ್ಕು ಗಂಟೆ ಅಂದರೆ ಒಂದು ಸಲಕ್ಕೆ 72 ಲೀಟರ್. ದೇಹದಲ್ಲಿರುವುದು ಸುಮಾರು ಐದೇ ಲೀಟರ್, ಅದೇ ರಕ್ತ ಹದಿನಾಲ್ಕು ಸುತ್ತು ಹೊರಗೆ ಬಂದು ಹೋಗುತ್ತೆ. ವಾರಕ್ಕೆ ಮೂರು ಸಲ, ವರ್ಷಕ್ಕೆ 156 ಸಲ. ಸಲಕ್ಕೆ ಎರಡು ಸೂಜಿಯಂತೆ ವರ್ಷಕ್ಕೆ 312 ಚುಚ್ಚು. ಒಂದೇ ಹಾಲಿನಲ್ಲಿ ಹತ್ತಾರು ಜನ, ಅವರ ನಡುವೆ ಓಡಾಡುವ ಅದೇ ಸಿಬ್ಬಂದಿ. ಇದರ ಮೇಲೆ, ಕಿಡ್ನಿ ಕೆಟ್ಟಾಗ ರಕ್ತದಲ್ಲಿ ಉಳಿಯುವ ಕಶ್ಮಲ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುತ್ತೆ. ಆರೋಗ್ಯವಂತನ ದೇಹ ಹೆಪಟೈಟಿಸ್ ಬಿ ವೈರಸ್ ಬಂದರೆ ಹೋರಾಡಿ, ಕಾಮಾಲೆ ತೋರಿಸಿ, ಬಹಳ ಸಲ ಓಡಿಸುತ್ತೆ. ಡಯಾಲಿಸಿಸ್ ರೋಗಿಯ ದೇಹ ಎಷ್ಟೋ ಸಲ ಗಲಾಟೆಯನ್ನೇ ಮಾಡಲ್ಲ. ಕಾಮಾಲೆ ಇಲ್ಲ, ಜ್ವರ ಇಲ್ಲ. ವೈರಸ್ ಸದ್ದಿಲ್ಲದೆ ಮನೆ ಮಾಡಿಕೊಳ್ಳುತ್ತೆ. ಪಕ್ಕದವರಿಗೂ ಗೊತ್ತಾಗಲ್ಲ, ಅವರಿಗೂ ಗೊತ್ತಾಗಲ್ಲ.

1960ರ ದಶಕದ ಕೊನೆಗೆ ಯುರೋಪ್, ಅಮೆರಿಕದ ಡಯಾಲಿಸಿಸ್ ಘಟಕಗಳಲ್ಲಿ ಒಂದಾದ ಮೇಲೊಂದರಂತೆ ಹೆಪಟೈಟಿಸ್ ಹಬ್ಬಿತು. ಅವುಗಳಲ್ಲಿ ಬಹಳ ನೋವಿನದು 1969-70ರಲ್ಲಿ ಎಡಿನ್‌ಬರೋದಲ್ಲಿ ಆದದ್ದು. ಗ್ರಹಾಂ ಅಮ್ಮ, ತಂಗಿಯ ಬೆಂಬಲದಲ್ಲಿ ಓದಿದ ಅದೇ ಊರು. ಅಲ್ಲಿನ ಡಯಾಲಿಸಿಸ್ ಮತ್ತು ಕಿಡ್ನಿ ಕಸಿ ಘಟಕದಲ್ಲಿ ರೋಗಿಗಳೂ ಸತ್ತರು, ಅವರನ್ನು ನೋಡಿಕೊಳ್ಳುತ್ತಿದ್ದ ಆಸ್ಪತ್ರೆಯವರೂ ಸತ್ತರು. ಜೀವ ಉಳಿಸುವ ಕೋಣೆಯೊಳಗೇ ಹೋಗಲು ಜನ ಹೆದರುವಂತಾಯಿತು. ಬ್ರಿಟನ್ ಸರ್ಕಾರ ಲಾರ್ಡ್ ರೋಸನ್‌ಹೈಮ್ ಸಮಿತಿ ನೇಮಿಸಿತು, 1972ರಲ್ಲಿ ವರದಿ ಬಂತು. ರೋಗಿಗಳನ್ನೂ ಸಿಬ್ಬಂದಿಯನ್ನೂ ನಿಯಮಿತವಾಗಿ ಪರೀಕ್ಷಿಸಿ, ಸೋಂಕು ಇರುವವರಿಗೆ ಪ್ರತ್ಯೇಕವಾಗಿ ಡಯಾಲಿಸಿಸ್ ಮಾಡಿ, ರಕ್ತ ಕೊಡುವುದನ್ನು ಆದಷ್ಟು ಕಡಿಮೆ ಮಾಡಿ ಅನ್ನುವುದು ಅದರ ಸಾರ. ಪರೀಕ್ಷೆ ಸಾಧ್ಯವಾದದ್ದು ಅಮೆರಿಕದ ಬರೂಕ್ ಬ್ಲಂಬರ್ಗ್ ಆ ವೈರಸ್ಸಿನ ಹೊರಕವಚದ ಪ್ರೋಟೀನನ್ನು ಆಗಷ್ಟೇ ಗುರುತಿಸಿದ್ದರಿಂದ.

ಅಮೆರಿಕದ ಅಂಕಿ ನೋಡಿ. 1974ರಲ್ಲಿ ಡಯಾಲಿಸಿಸ್ ರೋಗಿಗಳಲ್ಲಿ ವರ್ಷಕ್ಕೆ ನೂರಕ್ಕೆ 6.2 ಜನರಿಗೆ ಹೊಸದಾಗಿ ಹೆಪಟೈಟಿಸ್ ಬಿ ಬರುತ್ತಿತ್ತು. 1977ರಲ್ಲಿ ಎಚ್ಚರಿಕೆಯ ನಿಯಮಗಳು ಬಂದವು. 1980ಕ್ಕೆ ಅದು ನೂರಕ್ಕೆ 1ಕ್ಕೆ ಇಳಿಯಿತು. ಲಸಿಕೆ ಬಂದದ್ದು ಅದಾದ ಮೇಲೆ. ಅಂದರೆ ಈ ಇಳಿತಕ್ಕೆ ಹೊಸ ಔಷಧಿ ಕಾರಣ ಅಲ್ಲ, ಹೊಸ ಯಂತ್ರವೂ ಅಲ್ಲ. ಪರೀಕ್ಷೆ, ಪ್ರತ್ಯೇಕತೆ, ಕೈ ತೊಳೆಯುವುದು, ಒರೆಸುವುದು.

ಗೆಳೆಯನ ಪ್ರಶ್ನೆಗೆ ಉತ್ತರ

ಈಗ ಫಿಲ್ಟರ್ ವಿಷಯಕ್ಕೆ ಬರೋಣ. ವೈರಸ್ ಅನ್ನುವುದೇ ಗ್ರಹಾಂನ ಕಾಲಕ್ಕೆ ಯಾರಿಗೂ ಗೊತ್ತಿರಲಿಲ್ಲ. ಆತ ಸತ್ತು ಎರಡು ಮೂರು ದಶಕಗಳ ನಂತರ, ಬ್ಯಾಕ್ಟೀರಿಯಾ ತಡೆಯುವ ಪಿಂಗಾಣಿ ಫಿಲ್ಟರ್‌ನಿಂದಲೂ ನುಸುಳಿ ಹೋಗುವ ರೋಗಕಾರಕ ಒಂದಿದೆ ಅಂತ ಗೊತ್ತಾಗಿ ವೈರಸ್ ಪತ್ತೆಯಾಯಿತು. ಹಾಗಾಗಿ ವೈರಸ್ ಅಂದರೆ ಫಿಲ್ಟರ್ ದಾಟುವುದು ಅಂತ ನಮ್ಮ ತಲೆಯಲ್ಲಿ ಕೂತಿದೆ. ಆದರೆ ಯಾವ ಫಿಲ್ಟರ್ ಅನ್ನುವುದು ಮುಖ್ಯ ಅಲ್ವಾ? ಡಯಾಲೈಸರ್‌ನ ಪೊರೆಯ ರಂಧ್ರ ಕೆಲವೇ ನ್ಯಾನೋಮೀಟರ್. ಹೆಪಟೈಟಿಸ್ ಬಿ ವೈರಸ್ಸಿನ ವ್ಯಾಸ ಸುಮಾರು 42 ನ್ಯಾನೋಮೀಟರ್. ಹೆಪಟೈಟಿಸ್ ಸಿ ಅದಕ್ಕಿಂತ ಸ್ವಲ್ಪ ದೊಡ್ಡದು. ಎಚ್‌ಐವಿ ನೂರು ದಾಟುತ್ತೆ. ಗ್ರಹಾಂನ ಭಾಷೆಯಲ್ಲಿ ಹೇಳಿದರೆ ಯೂರಿಯಾ ಓಡುವ ಗುಂಪು, ವೈರಸ್ ನಿಲ್ಲುವ ಗುಂಪು. ಪೊರೆ ಹರಿಯದೆ ಇದ್ದರೆ ವೈರಸ್ ಅದನ್ನು ದಾಟಲ್ಲ.

ಹಾಗಾದರೆ ಹೇಗೆ ಬರುತ್ತೆ? ಪೊರೆಯನ್ನು ಬಳಸಿಕೊಂಡು, ಹೊರಗಡೆಯಿಂದ. ಸೋಂಕು ಇರುವವರ ಒಂದು ಮಿಲಿಲೀಟರ್ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಕೋಟಿಗಟ್ಟಲೆ ಇರಬಹುದು. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಯಂತ್ರದ ಬಟನ್, ಕುರ್ಚಿಯ ಕೈ, ಕತ್ತರಿ, ಟ್ರಾಲಿ ಮೇಲೆ ಒಣಗಿ ಅಂಟಿಕೊಂಡರೆ ಆ ವೈರಸ್ ಏಳು ದಿನವಾದರೂ ಜೀವ ಹಿಡಿದುಕೊಂಡಿರುತ್ತೆ. ಒಬ್ಬರ ಸೂಜಿ ಮುಟ್ಟಿದ ಗ್ಲೌಸ್ ಬದಲಿಸದೆ ಇನ್ನೊಬ್ಬರ ಕೈ ಹಿಡಿದರೆ, ಹೆಪಾರಿನ್‌ನ ಒಂದೇ ಬಾಟಲಿಯಿಂದ ಹಲವರಿಗೆ ಎಳೆದು ಕೊಟ್ಟರೆ, ಔಷಧಿ ಟ್ರಾಲಿಯನ್ನು ಹಾಸಿಗೆಯಿಂದ ಹಾಸಿಗೆಗೆ ತಳ್ಳಿಕೊಂಡು ಹೋದರೆ, ಒಬ್ಬರು ಎದ್ದ ಕೂಡಲೇ ಒರೆಸದೆ ಇನ್ನೊಬ್ಬರನ್ನು ಕೂರಿಸಿದರೆ ದಾರಿ ತೆರೆದ ಹಾಗೆ. ಹೆಪಟೈಟಿಸ್ ಸಿ ಹಬ್ಬಿದ ಕಡೆಗಳಲ್ಲೂ ಮತ್ತೆ ಮತ್ತೆ ಕಂಡದ್ದು ಇವೇ ಕಾರಣಗಳು.

ನಮ್ಮ ಬ್ರಾಂಚಿನವರಿಗೆ ಗೊತ್ತಿರಬೇಕಾದ ಇನ್ನೊಂದಿದೆ. ಯಂತ್ರ ರಕ್ತದ ಒತ್ತಡ ಅಳೆಯಲು ಒಂದು ಸಣ್ಣ ಗಾಳಿಕೊಳವೆ ಇರುತ್ತೆ, ಅದರ ತುದಿಗೆ ಟ್ರಾನ್ಸ್‌ಡ್ಯೂಸರ್ ಕಾಪಾಡುವ ಪುಟ್ಟ ಫಿಲ್ಟರ್. ಒತ್ತಡ ಏರಿ ರಕ್ತ ಅದನ್ನು ಒದ್ದೆ ಮಾಡಿದರೆ ಯಂತ್ರದೊಳಗಿನ ಭಾಗಕ್ಕೂ ರಕ್ತ ತಲುಪಬಹುದು. ಅದಕ್ಕೇ ಪ್ರತಿ ರೋಗಿಗೂ ಹೊಸದು ಹಾಕಬೇಕು, ಒದ್ದೆಯಾದರೆ ತಕ್ಷಣ ಬದಲಿಸಿ ಒಳಗಿನದನ್ನೂ ಪರೀಕ್ಷಿಸಬೇಕು. ಬೆಲೆಯಲ್ಲಿ ತೀರಾ ಸಣ್ಣ ಭಾಗ. ಉಳಿಸಲು ಹೋಗಬಾರದ ಭಾಗವೂ ಅದೇ.

ನಿಯಮಗಳು ಹೀಗಿವೆ. ಹೆಪಟೈಟಿಸ್ ಬಿ ಇದ್ದವರಿಗೆ ಬೇರೆ ಕೋಣೆ, ಬೇರೆ ಯಂತ್ರ, ಆ ಪಾಳಿಗೆ ಬೇರೆ ಸಿಬ್ಬಂದಿ. ಅವರ ಡಯಾಲೈಸರನ್ನು ತೊಳೆದು ಮರುಬಳಕೆ ಮಾಡುವ ಹಾಗಿಲ್ಲ. ಉಳಿದವರಿಗೆ ಮರುಬಳಕೆ ಮಾಡಿದರೂ ಅವರದು ಅವರಿಗೇ. ಹೆಪಟೈಟಿಸ್ ಸಿ ವಿಷಯದಲ್ಲಿ ಬೇರೆ ಯಂತ್ರಕ್ಕಿಂತ ಕೈ ಶುಚಿಯೇ ದೊಡ್ಡದು ಅನ್ನುತ್ತವೆ ಅಂತಾರಾಷ್ಟ್ರೀಯ ಮಾರ್ಗಸೂಚಿಗಳು. ಯಂತ್ರ ಬೇರೆ ಮಾಡಿ ಕೈ ಅದೇ ಆದರೆ ಏನು ಬಂತು? ಹೆಪಟೈಟಿಸ್ ಬಿಗೆ ಲಸಿಕೆ ಇದೆ. ಡಯಾಲಿಸಿಸ್ ರೋಗಿಗಳಿಗೆ ಡೋಸ್ ದುಪ್ಪಟ್ಟು ಬೇಕು, ಆದರೂ ಕೆಲವರಲ್ಲಿ ಹಿಡಿಯಲ್ಲ. ಅದಕ್ಕೆ ಲಸಿಕೆ ಮುಗಿದ ಒಂದೆರಡು ತಿಂಗಳಿಗೆ ರಕ್ಷಣೆ ಬಂದಿದೆಯಾ ಅಂತ ಪರೀಕ್ಷೆ, ವರ್ಷಕ್ಕೊಮ್ಮೆ ಮರುಪರೀಕ್ಷೆ. ಕಿಡ್ನಿ ಕಾಯಿಲೆ ಅಂತ ಗೊತ್ತಾದಾಗಲೇ, ಡಯಾಲಿಸಿಸ್‌ವರೆಗೆ ಕಾಯದೆ ಹಾಕಿಸಿಕೊಂಡರೆ ಲಸಿಕೆ ಚೆನ್ನಾಗಿ ಹಿಡಿಯುತ್ತೆ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಆದರೆ ಗುಣ ಮಾಡುವ ಮಾತ್ರೆ ಇದೆ. ಎಂಟರಿಂದ ಹನ್ನೆರಡು ವಾರ ತೆಗೆದುಕೊಂಡರೆ ಬಹುತೇಕ ಎಲ್ಲರಿಗೂ ವಾಸಿಯಾಗುತ್ತೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಸರ್ಕಾರಿ ಕೇಂದ್ರಗಳಲ್ಲಿ ಉಚಿತ ಚಿಕಿತ್ಸೆಯೂ ಇದೆ. ಒಮ್ಮೆ ವಾಸಿಯಾದವರಿಗೆ ಮತ್ತೆ ಬರಬಾರದು ಅಂತೇನಿಲ್ಲ, ಹಾಗಾಗಿ ಆರು ತಿಂಗಳಿಗೊಮ್ಮೆ ಪರೀಕ್ಷೆ ತಪ್ಪಿಸಬಾರದು.

ನಮ್ಮ ರಾಜ್ಯದಲ್ಲಿ ಈಗ ತಾಲ್ಲೂಕು ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ಸಿಗುತ್ತಿದೆ. ಮೊದಲು ಬೆಂಗಳೂರಿಗೋ ಮೈಸೂರಿಗೋ ಬಸ್ಸು ಹತ್ತಬೇಕಿದ್ದವರಿಗೆ ಇದು ದೊಡ್ಡ ಸಮಾಧಾನ. ನಮ್ಮ ನಿಮ್ಮ ಮನೆಯವರು ಯಾರಾದರೂ ಅಲ್ಲಿಗೆ ಹೋಗುತ್ತಿದ್ದರೆ ಲಸಿಕೆಯ ಕಾರ್ಡ್, ಕೊನೆಯ ಪರೀಕ್ಷೆಯ ತಾರೀಕು ಕೇಳಿ ನೋಡಿ. ಗ್ಲೌಸ್ ಬದಲಿಸಿ ಅಂತ ಸಿಬ್ಬಂದಿಗೆ ಹೇಳುವುದು ಜಗಳ ಅಲ್ಲ. ಎಡಿನ್‌ಬರೋದಲ್ಲಿ ಸತ್ತವರಲ್ಲಿ ಆಸ್ಪತ್ರೆಯವರೂ ಇದ್ದರು ಅನ್ನುವುದು ನೆನಪಿರಲಿ. ಗ್ಲೌಸ್ ಅವರನ್ನೂ ಕಾಯುತ್ತೆ.

ಗೆಳೆಯನಿಗೆ ಇದನ್ನೆಲ್ಲ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಫಿಲ್ಟರ್ ತಪ್ಪಲ್ಲ ಅಂತ ಗೊತ್ತಾದರೆ ಸಮಾಧಾನ ಆಗುತ್ತೆ ಅಂದುಕೊಂಡಿದ್ದೆವು, ಆಗಲಿಲ್ಲ. ಯಂತ್ರದ ತಪ್ಪಾಗಿದ್ದರೆ ಯಂತ್ರದ ಮೇಲೆ ಸಿಟ್ಟಾಗಬಹುದಿತ್ತು. ಇದು ತಡೆಯಬಹುದಾಗಿದ್ದ ಸಂಗತಿ ಅಂತ ತಿಳಿಯುವುದು ಅದಕ್ಕಿಂತ ಕಷ್ಟ. ಎಲ್ಲಿ ಯಾವಾಗ ಬಂತು ಅಂತ ಇವತ್ತಿಗೂ ಯಾರೂ ಬೆರಳು ಮಾಡಿ ತೋರಿಸಲಾರರು.

ಅವನ ತಂದೆ ಹನ್ನೆರಡು ವಾರ ಮಾತ್ರೆ ನುಂಗಿದರು. ಮೂರು ತಿಂಗಳು ಬಿಟ್ಟು ಮಾಡಿಸಿದ ಪರೀಕ್ಷೆಯಲ್ಲಿ ವೈರಸ್ ಇರಲಿಲ್ಲ. ಈಗಲೂ ವಾರಕ್ಕೆ ಮೂರು ದಿನ ಬೆಳಿಗ್ಗೆ ಐದೂವರೆಗೆ ಮನೆ ಬಿಡುತ್ತಾರೆ. ಕುರ್ಚಿಯಲ್ಲಿ ಕೂರುವ ಮೊದಲು ಅದರ ಕೈ ಒರೆಸಿದ್ದೀರಾ ಅಂತ ಕೇಳುತ್ತಾರಂತೆ. ಮೊದಮೊದಲು ಅಲ್ಲಿನವರು ಮುಖ ಗಂಟಿಕ್ಕುತ್ತಿದ್ದರಂತೆ. ಈಗ ಇವರು ಬಾಗಿಲಲ್ಲಿ ಕಂಡರೆ ಸಾಕು, ಬಟ್ಟೆ ಕೈಗೆತ್ತಿಕೊಳ್ಳುತ್ತಾರೆ.

ನಮ್ಮಲ್ಲಿ ಕೆಲವರು ನಾಳೆ ಇಂಥ ಯಂತ್ರಗಳನ್ನು ವಿನ್ಯಾಸ ಮಾಡುತ್ತೇವೆ, ರಿಪೇರಿ ಮಾಡುತ್ತೇವೆ, ಆಸ್ಪತ್ರೆಗೆ ಕೊಂಡುಕೊಡುವ ಸಮಿತಿಯಲ್ಲಿ ಕೂರುತ್ತೇವೆ. ಪೊರೆಯ ರಂಧ್ರ ಎಷ್ಟು ನ್ಯಾನೋಮೀಟರ್ ಅಂತ ಲೆಕ್ಕ ಹಾಕುವುದು ನಮಗೆ ಬರುತ್ತೆ. ಒರೆಸಲು ಸುಲಭವಾದ ಮೇಲ್ಮೈ ಕೊಟ್ಟಿದ್ದೇವಾ, ಎರಡು ಪಾಳಿಗಳ ನಡುವೆ ಶುಚಿ ಮಾಡಲು ಟೈಮ್ ಇಟ್ಟಿದ್ದೇವಾ, ಪ್ರತಿ ಕುರ್ಚಿಯಿಂದ ಕೈ ತೊಳೆಯುವ ಸಿಂಕ್ ಎಷ್ಟು ಹೆಜ್ಜೆ ದೂರ ಇದೆ ಅನ್ನುವುದೂ ಲೆಕ್ಕವೇ. ಗ್ರಹಾಂ ಬಿರುಕು ಬಿಟ್ಟ ಜಾಡಿಯನ್ನು ಎಸೆಯದೆ, ಎಲ್ಲಿಂದ ಸೋರುತ್ತಿದೆ, ಎಷ್ಟು ಸೋರುತ್ತಿದೆ ಅಂತ ಕೇಳಿದ. ಡಯಾಲಿಸಿಸ್ ಕೋಣೆಯಲ್ಲಿ ನಾವು ಕೇಳಬೇಕಾದದ್ದೂ ಅದನ್ನೇ.